ಎರಡು ಕ್ವೇಕರ್ ಏರಿಯಾ ಮೀಟಿಂಗ್‌ಗಳನ್ನು ಒಂದು ಮಾಡುವುದು ಹೇಗೆ?

ಕ್ವೇಕರ್ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಓಟ್ಸ್ ಡಬ್ಬಿ. ಆ ಕಂಪನಿಗೂ ಕ್ವೇಕರ್ ಪಂಥಕ್ಕೂ ಏನೂ ಸಂಬಂಧವಿಲ್ಲ. ಕ್ಯಾಡ್ಬರಿ ಚಾಕೊಲೇಟ್ ಶುರು ಮಾಡಿದ ಮನೆತನ ಮಾತ್ರ ನಿಜವಾಗಿಯೂ ಕ್ವೇಕರರದ್ದು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಮತ್ತು ಅವನ ಜೊತೆಗಾರರಿಂದ ಹುಟ್ಟಿದ ಪಂಥ ಇದು. ತಮ್ಮನ್ನು 'ಫ್ರೆಂಡ್ಸ್' ಎಂದೇ ಕರೆದುಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ ಇವರಿಗೆ ಪಾದ್ರಿ ಇಲ್ಲ, ಪ್ರವಚನ ಇಲ್ಲ. ಭಾನುವಾರ ಒಂದು ಗಂಟೆ ಸುತ್ತ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರುತ್ತಾರೆ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ನಿಂತು ಹೇಳಿ ಕೂರುತ್ತಾರೆ. ಅಷ್ಟೇ.

ಈ ಬರಹ ಇಬ್ಬರಿಗಾಗಿ. ಇಂಗ್ಲೆಂಡಿನಲ್ಲಿದ್ದು ಇಂಥ ಮೀಟಿಂಗ್‌ಗೆ ಹೋಗುವ, 'ನಿಮಗೆ ಲೆಕ್ಕ ಗೊತ್ತಲ್ವಾ' ಎಂಬ ಒಂದೇ ಕಾರಣಕ್ಕೆ ಖಜಾಂಚಿ ಕೆಲಸ ತಲೆಗೆ ಬಿದ್ದಿರುವ ಕನ್ನಡಿಗರು ಒಬ್ಬರು. ಊರಲ್ಲೋ ಪರದೇಶದಲ್ಲೋ ಎರಡು ಸಂಘಗಳನ್ನು ಒಂದು ಮಾಡಲು ಹೊರಟು, ಕೈ ಎತ್ತಿಸಿ ಬಹುಮತ ಎಣಿಸದೆ ಇದು ಸಾಧ್ಯವೇ ಎಂದು ಯೋಚಿಸುತ್ತಿರುವವರು ಇನ್ನೊಬ್ಬರು. ಕಾನೂನಿನ ವಿಷಯ ಬಂದಲ್ಲೆಲ್ಲ ಇಂಗ್ಲೆಂಡ್ ಮತ್ತು ವೇಲ್ಸ್ ಅಂತ ಓದಿಕೊಳ್ಳಿ. ಸ್ಕಾಟ್ಲೆಂಡಿನ ದತ್ತಿ ಕಾನೂನು ಬೇರೆ, ನಿಯಂತ್ರಕರೂ ಬೇರೆ.

ಯಾವುದು ಯಾವುದರ ಕೆಳಗೆ?

ಬ್ರಿಟನ್ನಿನ ವ್ಯವಸ್ಥೆಯಲ್ಲಿ ಮುಖ್ಯವಾಗಿ ಮೂರು ಮೆಟ್ಟಿಲು. ಕೆಳಗೆ ಲೋಕಲ್ ಮೀಟಿಂಗ್, ಅಂದರೆ ಭಾನುವಾರ ಸೇರುವ ಹತ್ತು, ಇಪ್ಪತ್ತು, ಐವತ್ತು ಜನ. ಒಂದು ಸೀಮೆಯ ಲೋಕಲ್ ಮೀಟಿಂಗ್‌ಗಳೆಲ್ಲ ಸೇರಿದರೆ ಏರಿಯಾ ಮೀಟಿಂಗ್. ಎಲ್ಲಕ್ಕೂ ಮೇಲೆ ಬ್ರಿಟನ್ ಇಯರ್ಲಿ ಮೀಟಿಂಗ್. ಏರಿಯಾ ಮೀಟಿಂಗ್‌ಗೆ ಹಿಂದೆ ಮಂತ್ಲಿ ಮೀಟಿಂಗ್ ಎಂಬ ಹೆಸರಿತ್ತು. 1660ರ ದಶಕದಲ್ಲಿ ಜಾರ್ಜ್ ಫಾಕ್ಸ್ ಊರೂರು ತಿರುಗಿ ಕಟ್ಟಿದ ವ್ಯವಸ್ಥೆ ಅದು. ಈಗ ಬ್ರಿಟನ್ನಿನಲ್ಲಿ ಸುಮಾರು 70 ಏರಿಯಾ ಮೀಟಿಂಗ್‌ಗಳಿವೆ.

ಹೊಸಬರಿಗೆ ಆಶ್ಚರ್ಯವಾಗುವ ವಿಷಯ ಒಂದಿದೆ. ಸದಸ್ಯತ್ವ ಇರುವುದು ಏರಿಯಾ ಮೀಟಿಂಗ್‌ನಲ್ಲಿ, ನೀವು ಭಾನುವಾರ ಕೂರುವ ಲೋಕಲ್ ಮೀಟಿಂಗ್‌ನಲ್ಲಲ್ಲ. ದತ್ತಿ ಸಂಸ್ಥೆಯಾಗಿ ನೋಂದಣಿಯಾಗಿರುವುದು, ಟ್ರಸ್ಟಿಗಳಿರುವುದು, ಮೀಟಿಂಗ್ ಹೌಸ್ ಎಂಬ ಕಟ್ಟಡದ ಹೊಣೆ ಹೊರುವುದು ಸಾಮಾನ್ಯವಾಗಿ ಏರಿಯಾ ಮೀಟಿಂಗೇ. ಹಾಗಾಗಿ 'ವಿಲೀನ' ಅಂದಾಗ ಒಂದಾಗುವುದು ಟ್ರಸ್ಟು, ಲೆಕ್ಕಪತ್ರ, ಸದಸ್ಯರ ಪಟ್ಟಿ, ಆಡಳಿತದ ಸಭೆ. ಭಾನುವಾರದ ಮೌನ ಅದೇ ಕಟ್ಟಡದಲ್ಲಿ, ಅದೇ ಕುರ್ಚಿಗಳಲ್ಲಿ, ಅದೇ ಜನರೊಂದಿಗೆ ನಡೆಯುತ್ತದೆ. ಒಲೆ ಬೇರೆ ಬೇರೆ ಇಟ್ಟುಕೊಂಡು ಜಮೀನಿನ ಲೆಕ್ಕ ಒಂದೇ ಕಡೆ ಬರೆಯುವ ಅಣ್ಣತಮ್ಮಂದಿರ ಹಾಗೆ ಅಂದುಕೊಳ್ಳಿ. ಇದನ್ನು ಮೊದಲ ದಿನವೇ ಹೇಳಿ, ಎರಡನೇ ದಿನ ಮತ್ತೆ ಹೇಳಿ. ಅರ್ಧ ಗಾಬರಿ ಇದರಲ್ಲೇ ಇಳಿಯುತ್ತದೆ.

1. ಕಾರಣವನ್ನು ಹಾಳೆಯ ಮೇಲೆ ಇಳಿಸಿ

'ನಾವು ಸಣ್ಣವರಾಗುತ್ತಿದ್ದೇವೆ, ಅದಕ್ಕೆ ಒಂದಾಗೋಣ' ಎಂಬುದು ಕಾರಣವಲ್ಲ, ಅಳಲು. ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಎಡಕ್ಕೆ ಹುದ್ದೆ, ನಡುವೆ ಹೆಸರು, ಬಲಕ್ಕೆ ಅವಧಿ ಮುಗಿಯುವ ವರ್ಷ ಬರೆಯಿರಿ. ಸಭೆ ನಡೆಸಿ ನಡಾವಳಿ ಬರೆಯುವ ಕ್ಲರ್ಕ್, ಸಹಾಯಕ ಕ್ಲರ್ಕ್, ಖಜಾಂಚಿ, ಟ್ರಸ್ಟಿಗಳು, ಮೌನ ಪ್ರಾರ್ಥನೆಯ ಹೊಣೆ ಹೊರುವ ಎಲ್ಡರ್‌ಗಳು, ಸದಸ್ಯರ ಕಷ್ಟಸುಖ ನೋಡುವವರು, ಹೆಸರು ಸೂಚಿಸುವ ನಾಮಿನೇಷನ್ಸ್ ಸಮಿತಿ, ಮದುವೆ ನೋಂದಣಿ ಅಧಿಕಾರಿ, ಮಕ್ಕಳ ಸುರಕ್ಷತೆ ನೋಡುವವರು, ದಾಖಲೆ ಕಾಯುವವರು, ಸ್ಮಶಾನ ಇದ್ದರೆ ಅದರ ಉಸ್ತುವಾರಿಯವರು. ನೂರು ಜನ ಇಲ್ಲದ ಕಡೆಯೂ ಈ ಪಟ್ಟಿ ಇಷ್ಟೇ ಉದ್ದ ಇರುತ್ತದೆ.

ಈಗ ಒಂದೇ ಹೆಸರು ಎಷ್ಟು ಸಲ ಬಂದಿದೆ ನೋಡಿ. ಹುದ್ದೆಗಳ ಅವಧಿ ರೂಢಿಯಲ್ಲಿ ಮೂರು ವರ್ಷ. ಎರಡು ಅವಧಿಗಿಂತ ಹೆಚ್ಚು ಒಬ್ಬರನ್ನೇ ಕೂರಿಸಬಾರದು ಎಂಬುದು ಒಳ್ಳೆಯ ಪದ್ಧತಿ. ಒಂಬತ್ತನೇ ವರ್ಷಕ್ಕೆ ಕಾಲಿಟ್ಟ ಖಜಾಂಚಿ, ನಾಲ್ಕು ಕಡೆ ಕಾಣುವ ಒಬ್ಬರೇ ಹಿರಿಯರು, 'ಖಾಲಿ' ಎಂದು ಬರೆದ ಮೂರು ಸಾಲು — ನಿಮ್ಮ ಕಾರಣ ಅಲ್ಲಿದೆ. ಪಕ್ಕದ ಏರಿಯಾ ಮೀಟಿಂಗ್‌ನವರಿಗೂ ಇದೇ ಹಾಳೆ ಮಾಡಲು ಹೇಳಿ. ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದಾದರೆ ಯಾವ ಸಾಲು ಅಳಿಯುತ್ತದೆ ಎಂದು ಕೆಂಪು ಶಾಯಿಯಲ್ಲಿ ಗೀಚಿ. ಎರಡು ಟ್ರಸ್ಟಿ ಮಂಡಳಿ ಒಂದಾಗುತ್ತದೆ. ಇಬ್ಬರು ಖಜಾಂಚಿಗಳ ಜಾಗದಲ್ಲಿ ಒಬ್ಬರು ಸಾಕು. ವರ್ಷಕ್ಕೆ ಎರಡು ಲೆಕ್ಕಪತ್ರ, ಎರಡು ವರದಿ ಬದಲು ಒಂದೊಂದು. ಆದರೆ ಲೋಕಲ್ ಮೀಟಿಂಗ್‌ನ ಹುದ್ದೆಗಳು ಹಾಗೇ ಉಳಿಯುತ್ತವೆ. ಬೆಳಿಗ್ಗೆ ಬಾಗಿಲು ತೆಗೆದು ಹೀಟರ್ ಹಚ್ಚುವವರು ಪ್ರತಿ ಕಟ್ಟಡಕ್ಕೂ ಬೇಕು.

ಕೆಂಪು ಗೀಟು ಹೆಚ್ಚು ಬೀಳದಿದ್ದರೆ ವಿಲೀನ ಬಿಡಿ. ಸಂಬಳ ಕೊಟ್ಟು ಲೆಕ್ಕ ಬರೆಯುವವರನ್ನು ಇಬ್ಬರೂ ಸೇರಿ ಇಟ್ಟುಕೊಳ್ಳಬಹುದು. ಬೇಡದ ಸಮಿತಿಗಳನ್ನು ಮುಚ್ಚಬಹುದು. ಇನ್ನೊಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ: ವಿಲೀನದಿಂದ ಭಾನುವಾರ ಬರುವವರ ಸಂಖ್ಯೆ ಹೆಚ್ಚಾಗುವುದಿಲ್ಲ. ಹಾಗೆ ಆಸೆ ತೋರಿಸಿ ಒಪ್ಪಿಸಿದರೆ ಎರಡು ವರ್ಷದ ಮೇಲೆ ಆ ಆಸೆ ನಿಮ್ಮ ಮೇಲೇ ತಿರುಗಿ ಬೀಳುತ್ತದೆ.

2. ತೀರ್ಮಾನ ಮಾಡದ ಸಭೆ ಮೊದಲು

ಕ್ವೇಕರರಲ್ಲಿ ಥ್ರೆಶಿಂಗ್ ಮೀಟಿಂಗ್ ಎಂಬ ಒಂದು ಒಳ್ಳೆಯ ರೂಢಿ ಇದೆ. ಅದರಲ್ಲಿ ಯಾವ ತೀರ್ಮಾನವೂ ಆಗುವುದಿಲ್ಲ ಎಂದು ಮೊದಲೇ ಸಾರಿಬಿಡುತ್ತಾರೆ. ಎಲ್ಲರೂ ಮನಸ್ಸಿನಲ್ಲಿರುವುದನ್ನು ಹೊರಗೆ ಹಾಕಬೇಕು, ಅಷ್ಟೇ. ಪ್ರತಿ ಲೋಕಲ್ ಮೀಟಿಂಗ್‌ನಲ್ಲೂ ಇಂಥದ್ದೊಂದು ನಡೆಯಲಿ. ಸದಸ್ಯತ್ವ ಪಡೆಯದೆ ವರ್ಷಗಟ್ಟಲೆ ಬರುತ್ತಿರುವವರನ್ನೂ ಕೂರಿಸಿಕೊಳ್ಳಿ. ಏರಿಯಾ ಮೀಟಿಂಗ್‌ನ ಆಡಳಿತ ಸಭೆಗೆ ಅವರು ಬರಬೇಕಾದರೆ ಕ್ಲರ್ಕ್ ಅನುಮತಿ ಬೇಕು, ಇಲ್ಲಿ ಆ ತಡೆ ಬೇಡ.

ಏಳುವ ಪ್ರಶ್ನೆಗಳು ಎಲ್ಲ ಕಡೆ ಒಂದೇ ತರಹ. ಎಷ್ಟು ದೂರ ಹೋಗಬೇಕು? ಎಂಬತ್ತು ದಾಟಿದವರು ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲಾದ ಮೇಲೆ ಕಾರು ಓಡಿಸಬೇಕೇ? ಭಾನುವಾರ ಬಸ್ಸೇ ಇಲ್ಲದ ಊರಿನವರು ಏನು ಮಾಡಬೇಕು? ನಮ್ಮ ಮೀಟಿಂಗ್ ಹೌಸ್ ಮಾರಿಬಿಡುತ್ತೀರಾ? ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬರೆದುಕೊಳ್ಳಿ, ನಯ ಮಾಡಬೇಡಿ. 'ಕಟ್ಟಡಗಳ ಭವಿಷ್ಯದ ಕುರಿತು ಕಳವಳ ವ್ಯಕ್ತವಾಯಿತು' ಎಂದು ಬರೆದರೆ, ಮಾರಿಬಿಡ್ತೀರಾ ಅಂತ ಕೇಳಿದ ಹಿರಿಯರಿಗೆ ತಮ್ಮ ಮಾತು ಮುಟ್ಟಲಿಲ್ಲ ಅನ್ನಿಸುತ್ತದೆ. ಉತ್ತರವನ್ನೂ ಬರಹದಲ್ಲೇ ಕೊಡಿ.

ಇದರ ಜೊತೆಗೆ ಎರಡೂ ಏರಿಯಾದವರು ಒಟ್ಟಿಗೆ ಕೂತು ಮೌನ ಪ್ರಾರ್ಥನೆ ಮಾಡಲಿ, ಒಟ್ಟಿಗೆ ಊಟ ಮಾಡಲಿ. ಮನೆಯಿಂದ ಒಂದೊಂದು ಪಾತ್ರೆ ತಂದು ಹಂಚಿಕೊಂಡು ಉಣ್ಣುವ ರೂಢಿ ಇಲ್ಲಿದೆ. ಚಿತ್ರಾನ್ನ ಒಯ್ಯಿರಿ, ಪಾತ್ರೆ ಖಾಲಿಯಾಗಿ ವಾಪಸ್ ಬರುತ್ತದೆ.

ಕೂಡಿ ಕೆಲಸ ಮಾಡುವುದು ಮೊದಲು, ಕಾಗದ ಆಮೇಲೆ. ಈ ಮಾತಿಗೆ ಅಮೆರಿಕದ ಕ್ವೇಕರ್ ಇತಿಹಾಸದಲ್ಲೇ ದೊಡ್ಡ ಉದಾಹರಣೆ ಇದೆ. 1827ರಲ್ಲಿ ಫಿಲಡೆಲ್ಫಿಯಾ ಇಯರ್ಲಿ ಮೀಟಿಂಗ್ ಎರಡಾಗಿ ಒಡೆಯಿತು. ಒಂದು ಕಡೆ ಎಲಿಯಾಸ್ ಹಿಕ್ಸ್ ಎಂಬ ಪ್ರಚಾರಕನ ಒಲವಿನವರು, ಇನ್ನೊಂದು ಕಡೆ ಸಂಪ್ರದಾಯಸ್ಥರು. ಒಂದೇ ಊರಲ್ಲಿ ಎರಡೆರಡು ಮೀಟಿಂಗ್ ಹೌಸ್ ಎದ್ದವು. ಆಮೇಲೆ 1917ರಲ್ಲಿ ಅಮೆರಿಕನ್ ಫ್ರೆಂಡ್ಸ್ ಸರ್ವೀಸ್ ಕಮಿಟಿ ಶುರುವಾಯಿತು. ಯುದ್ಧದಲ್ಲಿ ನೊಂದವರಿಗೆ ನೆರವಾಗುವ ಆ ಕೆಲಸದಲ್ಲಿ ಎರಡೂ ಬಣದವರು ಭುಜಕ್ಕೆ ಭುಜ ಕೊಟ್ಟರು. 1947ರ ನೊಬೆಲ್ ಶಾಂತಿ ಬಹುಮಾನ ಬಂದದ್ದು ಈ ಕಮಿಟಿಗೂ ಬ್ರಿಟನ್ನಿನ ಫ್ರೆಂಡ್ಸ್ ಸರ್ವೀಸ್ ಕೌನ್ಸಿಲ್‌ಗೂ ಸೇರಿ. ಕೆಳಗಿನ ಹಂತದ ಹಲವು ಮೀಟಿಂಗ್‌ಗಳು ತಮ್ಮಷ್ಟಕ್ಕೆ ತಾವೇ ಕೂಡಿಕೊಂಡವು. ಎರಡು ಇಯರ್ಲಿ ಮೀಟಿಂಗ್‌ಗಳು ಅಧಿಕೃತವಾಗಿ ಒಂದಾದದ್ದು 1955ರಲ್ಲಿ. ಅದೇ ವರ್ಷ ನ್ಯೂಯಾರ್ಕಿನವರೂ ಒಂದಾದರು; ಕೆನಡಾದಲ್ಲಿ ಮೂರು ಇಯರ್ಲಿ ಮೀಟಿಂಗ್‌ಗಳು ಸೇರಿ ಒಂದಾದವು. ನಿಮಗೆ ನೂರು ವರ್ಷ ಬೇಕಾಗುವುದಿಲ್ಲ. ಆದರೆ ಆರು ತಿಂಗಳಲ್ಲಿ ಮುಗಿಸುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

3. ಮೊದಲ ನಡಾವಳಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಕ್ವೇಕರ್ ಪದ್ಧತಿಯ ಜೀವ ಇರುವುದೇ ಇಲ್ಲಿ.

ಕ್ವೇಕರ್ ಸಭೆಯಲ್ಲಿ ಮತದಾನ ಇಲ್ಲ. ಮೌನದಿಂದ ಸಭೆ ಶುರು. ಮಾತಾಡುವವರು ಎದ್ದು ನಿಂತು ಕ್ಲರ್ಕ್ ಕರೆದ ಮೇಲೆ ಮಾತಾಡುತ್ತಾರೆ, ಒಬ್ಬರ ನಂತರ ಒಬ್ಬರು, ನಡುವೆ ಬಿಡುವು ಕೊಟ್ಟು. ಸಭೆ ಯಾವ ಕಡೆ ಹೊರಳುತ್ತಿದೆ ಎಂದು ಕ್ಲರ್ಕ್ ಗಮನಿಸುತ್ತಾರೆ. ಎಷ್ಟು ಜನ ಹೇಳಿದರು ಎಂದು ಎಣಿಸುವುದಿಲ್ಲ. ಅಲ್ಲೇ ಕೂತು ನಡಾವಳಿಯ ಕರಡು ಬರೆಯುತ್ತಾರೆ. ಆ ಹೊತ್ತು ಉಳಿದವರು ಸುಮ್ಮನೆ ಕಾಯುತ್ತಾರೆ. ಓದಿ ಹೇಳಿ, 'ಇದು ಸರಿಯೇ?' ಎಂದು ಕೇಳುತ್ತಾರೆ. ತಿದ್ದುಪಡಿ ಇದ್ದರೆ ಆಗಲೇ ಆಗಬೇಕು. ಒಪ್ಪಿದವರು 'ಹೋಪ್ ಸೋ' ಅನ್ನುತ್ತಾರೆ. ನಮ್ಮ ಸಂಘಗಳಲ್ಲಿ ಕಾರ್ಯದರ್ಶಿ ಮನೆಗೆ ಹೋಗಿ ವಾರ ಬಿಟ್ಟು ನಡಾವಳಿ ಬರೆಯುತ್ತಾರೆ, ಮುಂದಿನ ಸಭೆಯ ಅರ್ಧ ಹೊತ್ತು 'ನಾನು ಹಾಗೆ ಹೇಳಲೇ ಇಲ್ಲ' ಎಂಬುದರಲ್ಲಿ ಕಳೆಯುತ್ತದೆ. ವಿಲೀನದಂಥ ವಿಷಯದಲ್ಲಿ ಕೋಣೆಯಲ್ಲೇ ಬರೆಯುವ ಈ ಪದ್ಧತಿ ದೊಡ್ಡ ರಕ್ಷಣೆ. ಕ್ವೇಕರರಲ್ಲದವರೂ ಧಾರಾಳವಾಗಿ ಎರವಲು ಪಡೆಯಬಹುದು.

ಮೊದಲ ನಡಾವಳಿ ಹೀಗಿರಬಹುದು. ಇದು ನಾನೇ ಬರೆದ ಮಾದರಿ, ನಿಮ್ಮಲ್ಲಿಗೆ ತಕ್ಕಂತೆ ಬದಲಿಸಿಕೊಳ್ಳಿ:

"ಪಕ್ಕದ ಏರಿಯಾ ಮೀಟಿಂಗ್ ಜೊತೆ ಒಂದಾಗುವ ಬಗ್ಗೆ ನಮ್ಮ ಲೋಕಲ್ ಮೀಟಿಂಗ್‌ಗಳಿಂದ ಬಂದ ನಡಾವಳಿಗಳನ್ನು ಕೇಳಿದೆವು. ಹುದ್ದೆಗಳಿಗೆ ಜನ ಸಿಗುತ್ತಿಲ್ಲ ಎಂಬುದು ಎಲ್ಲ ಕಡೆಯ ಮಾತು. ದೂರದ ಬಗ್ಗೆ, ಮೀಟಿಂಗ್ ಹೌಸ್‌ಗಳ ಬಗ್ಗೆ ಕೆಲವರಿಗೆ ಅಳುಕಿದೆ. ಒಂದಾಗುವ ದಾರಿಯನ್ನು ಪರಿಶೀಲಿಸಲು ಒಪ್ಪಿದ್ದೇವೆ. ಒಂದಾಗಲು ಇನ್ನೂ ಒಪ್ಪಿಲ್ಲ. ಎರಡೂ ಕಡೆಯಿಂದ ಮೂವರಂತೆ ಆರು ಜನರ ಗುಂಪು ಈ ಕೆಲಸ ಮಾಡಿ ಸೆಪ್ಟೆಂಬರ್ ಸಭೆಗೆ ವರದಿ ತರಲಿ. ಈ ನಡಾವಳಿಯನ್ನು ಅವರ ಕ್ಲರ್ಕ್‌ಗೆ ಕಳಿಸುತ್ತೇವೆ."

'ಪರಿಶೀಲಿಸಲು ಒಪ್ಪಿದ್ದೇವೆ, ಒಂದಾಗಲು ಇನ್ನೂ ಒಪ್ಪಿಲ್ಲ' ಎಂಬ ಸಾಲನ್ನು ಬಿಡಬೇಡಿ. ಅದಿಲ್ಲದಿದ್ದರೆ ಅಳುಕಿರುವವರಿಗೆ ಎಲ್ಲ ಆಗಲೇ ತೀರ್ಮಾನವಾಗಿಹೋಗಿದೆ ಅನ್ನಿಸುತ್ತದೆ. ಎರಡು ಏರಿಯಾಗಳಲ್ಲಿ ಒಂದು ದೊಡ್ಡದು, ಇನ್ನೊಂದು ಚಿಕ್ಕದು ಆಗಿದ್ದರೂ ಗುಂಪಿನಲ್ಲಿ ಸಮ ಸಂಖ್ಯೆ ಇರಲಿ. ಮತವೇ ಇಲ್ಲದ ಮೇಲೆ ಸಂಖ್ಯೆಯಿಂದ ದೊಡ್ಡವರು ಕಳೆದುಕೊಳ್ಳುವುದು ಏನೂ ಇಲ್ಲ, ಚಿಕ್ಕವರಿಗೆ ಧೈರ್ಯ ಬರುತ್ತದೆ. ಒಬ್ಬರಾದರೂ ವಿಲೀನದ ಬಗ್ಗೆ ಅನುಮಾನ ಇರುವವರು ಗುಂಪಿನಲ್ಲಿ ಇರಬೇಕು ಎಂಬುದು ನನ್ನ ಹಟ.

ಇದೇ ಹಂತದಲ್ಲಿ ಲಂಡನ್ನಿನ ಯೂಸ್ಟನ್ ರಸ್ತೆಯ ಫ್ರೆಂಡ್ಸ್ ಹೌಸ್‌ನಲ್ಲಿರುವ, ಅಂದರೆ ಬ್ರಿಟನ್ನಿನ ಕ್ವೇಕರರ ಕೇಂದ್ರ ಕಚೇರಿಯಲ್ಲಿರುವ, ರೆಕಾರ್ಡಿಂಗ್ ಕ್ಲರ್ಕ್ (ಇಯರ್ಲಿ ಮೀಟಿಂಗ್‌ನ ಮುಖ್ಯ ಅಧಿಕಾರಿ) ಕಚೇರಿಗೆ ಒಂದು ಪತ್ರ ಹೋಗಲಿ. ಏರಿಯಾ ಮೀಟಿಂಗ್‌ಗಳ ಗಡಿ ಬದಲಾಗುವುದು ನಿಮ್ಮಿಬ್ಬರ ಖಾಸಗಿ ವಿಷಯವಲ್ಲ, ಇಯರ್ಲಿ ಮೀಟಿಂಗ್ ಮಟ್ಟದಲ್ಲೂ ಒಪ್ಪಿಗೆ ಬೇಕು. ಯಾವ ಸಭೆಯ ಮುಂದೆ, ಯಾವಾಗ ಬರಬೇಕು ಎಂದು ಅವರೇ ಹೇಳುತ್ತಾರೆ.

4. ಹಣ ಮತ್ತು ಸೂರು

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹಲವು ಪ್ರೊಟೆಸ್ಟೆಂಟ್ ಸಭೆಗಳು ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ ಆಯಿತು. ನಮ್ಮ ಊರುಗಳ ಸಿಎಸ್‌ಐ ಚರ್ಚು ಅಂದರೆ ಅದೇ. ಆ ಮಾತುಕತೆ 1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾಗಿತ್ತು. ಬಿಷಪ್ ಇರಬೇಕೇ, ಯಾರು ಕೊಟ್ಟ ದೀಕ್ಷೆ ನಡೆಯುತ್ತದೆ ಎಂಬುದರ ಮೇಲೆ ಇಷ್ಟು ವರ್ಷ ಹಿಡಿಯಿತು. ಬ್ರಿಟನ್ನಿನ ಕ್ವೇಕರರಿಗೆ ಆ ತಲೆನೋವಿಲ್ಲ. ಬಿಷಪ್ ಇಲ್ಲ, ದೀಕ್ಷೆಯೂ ಇಲ್ಲ. ತಕರಾರು ಬರುವುದು ಸೋರುವ ಮಾಡಿನ ಮೇಲೆ.

ಒಂದು ಏರಿಯಾದಲ್ಲಿ ಯಾರೋ ಬಿಟ್ಟುಹೋದ ಆಸ್ತಿಯಿಂದ ಬ್ಯಾಂಕಿನಲ್ಲಿ ಒಳ್ಳೆಯ ಮೊತ್ತ ಇರುತ್ತದೆ. ಇನ್ನೊಂದರಲ್ಲಿ ಮುನ್ನೂರು ವರ್ಷದ ಕಟ್ಟಡ ಇರುತ್ತದೆ. ಕಂಬ್ರಿಯಾದ ಬ್ರಿಗ್‌ಫ್ಲಾಟ್ಸ್ ಮೀಟಿಂಗ್ ಹೌಸ್ ಕಟ್ಟಿದ್ದು 1675ರಲ್ಲಿ, ಹರ್ಟ್‌ಫರ್ಡ್‌ನದ್ದು 1670ರಲ್ಲಿ. ಇಂಥ ಪಾರಂಪರಿಕ ಕಟ್ಟಡಕ್ಕೆ ಒಂದು ಕಿಟಕಿ ಬದಲಿಸಬೇಕಾದರೂ ಅನುಮತಿ ಬೇಕು, ದುಡ್ಡು ನೀರಿನಂತೆ ಹರಿಯುತ್ತದೆ. 'ನಮ್ಮ ದುಡ್ಡು ಅವರ ಮಾಡಿಗೆ ಹೋಗುತ್ತದೆ' ಎಂದು ಯಾರೂ ಸಭೆಯಲ್ಲಿ ಹೇಳುವುದಿಲ್ಲ. ಚಹಾ ಕುಡಿಯುವಾಗ ಹೇಳುತ್ತಾರೆ.

ಖಜಾಂಚಿಗಳಿಬ್ಬರೂ ಕೂತು ಪ್ರತಿ ನಿಧಿಯನ್ನೂ ಮೂರರಲ್ಲಿ ಒಂದು ಗುಂಪಿಗೆ ಸೇರಿಸಲಿ. ಯಾವುದಕ್ಕೆ ಬೇಕಾದರೂ ಬಳಸಬಹುದಾದ ಹಣ. ದಾನಿ ಇಂಥದ್ದಕ್ಕೇ ಎಂದು ಹೇಳಿ ಕೊಟ್ಟ ಹಣ. ಅಸಲು ಮುಟ್ಟದೆ ಆದಾಯ ಮಾತ್ರ ಬಳಸಬೇಕಾದ ಶಾಶ್ವತ ನಿಧಿ. ಎರಡನೇ ಮತ್ತು ಮೂರನೇ ಗುಂಪಿನ ಷರತ್ತುಗಳು ವಿಲೀನವಾದರೂ ಹೋಗುವುದಿಲ್ಲ. 'ಇಂಥ ಊರಿನ ಮೀಟಿಂಗ್ ಹೌಸ್ ದುರಸ್ತಿಗೆ' ಎಂದು ಕೊಟ್ಟದ್ದು ಆ ಊರಿಗೇ. ಇದನ್ನು ಹೇಳಿದರೆ ಗುಸುಗುಸು ಸಾಕಷ್ಟು ಕಡಿಮೆಯಾಗುತ್ತದೆ. ಮೊದಲ ಗುಂಪಿನ ಹಣದಲ್ಲೂ ಒಂದಿಷ್ಟನ್ನು ಒಂದು ಕಟ್ಟಡಕ್ಕೆ ಮೀಸಲು ಎಂದು ಹೊಸ ಟ್ರಸ್ಟಿಗಳು ಗುರುತು ಹಾಕಬಹುದು. ಆದರೆ ಆ ಗುರುತನ್ನು ಮುಂದಿನ ಟ್ರಸ್ಟಿಗಳು ಅಳಿಸಬಹುದು. 'ಎಂದೆಂದಿಗೂ' ಎಂಬ ಮಾತು ಕೊಡಬೇಡಿ.

ಕಟ್ಟಡಗಳ ಹಕ್ಕುಪತ್ರ ಯಾರ ಹೆಸರಲ್ಲಿದೆ ನೋಡಿ. ಹಲವು ಏರಿಯಾ ಮೀಟಿಂಗ್‌ಗಳ ಆಸ್ತಿ ಫ್ರೆಂಡ್ಸ್ ಟ್ರಸ್ಟ್ಸ್ ಲಿಮಿಟೆಡ್ ಎಂಬ ಸಂಸ್ಥೆಯ ಹೆಸರಲ್ಲಿರುತ್ತದೆ. ಅದು ಹೆಸರಿಗೆ ಮಾತ್ರ ಒಡೆಯ, ಆಡಳಿತ ಏರಿಯಾದ್ದೇ. ಎರಡೂ ಕಡೆ ಹೀಗೇ ಇದ್ದರೆ ಪತ್ರದಲ್ಲಿ ಹೆಸರು ಬದಲಿಸುವ ಕೆಲಸ ಬಹಳ ಕಡಿಮೆಯಾಗುತ್ತದೆ. ಎಂದೋ ತೀರಿಕೊಂಡ ಟ್ರಸ್ಟಿಗಳ ಹೆಸರಲ್ಲಿ ಹಳೆ ಸ್ಮಶಾನದ ತುಂಡು ಭೂಮಿ ಸಿಕ್ಕರೆ ಮಾತ್ರ ವಕೀಲರ ಹತ್ತಿರ ಹೋಗಿ.

5. ಕಾನೂನಿನ ದಾರಿ ಎರಡು

ಹೊಸ ದತ್ತಿ ಸಂಸ್ಥೆ ಹುಟ್ಟುಹಾಕಿ ಎರಡೂ ಹಳೆಯವು ಎಲ್ಲವನ್ನೂ ಅದಕ್ಕೆ ವರ್ಗಾಯಿಸುವುದು ಒಂದು. ಒಂದನ್ನು ಉಳಿಸಿಕೊಂಡು, ಅದರ ಹೆಸರು, ನಿಯಮಾವಳಿ ಬದಲಿಸಿ, ಇನ್ನೊಂದು ಅದರೊಳಗೆ ಸೇರುವುದು ಇನ್ನೊಂದು. ಎರಡನೆಯದರಲ್ಲಿ ಕಾಗದದ ಕೆಲಸ ಕಡಿಮೆ. ಆದರೆ 'ನಮ್ಮನ್ನು ನುಂಗಿದರು' ಎಂಬ ಭಾವನೆ ಬರುವ ಅಪಾಯ ಇದೆ. ಹೆಸರು ಪೂರ್ತಿ ಹೊಸದಿರಲಿ. ಮೊದಲ ಕ್ಲರ್ಕ್ ಒಳಗೆ ಸೇರಿದ ಕಡೆಯವರಾಗಿದ್ದರೆ ಇನ್ನೂ ಒಳ್ಳೆಯದು. ಹೊಸದೇ ಮಾಡುವುದಾದರೆ 2013ರ ಹೊತ್ತಿಗೆ ಜಾರಿಗೆ ಬಂದ ಸಿಐಒ (ಚಾರಿಟಬಲ್ ಇನ್‌ಕಾರ್ಪೊರೇಟೆಡ್ ಆರ್ಗನೈಸೇಷನ್) ಎಂಬ ರೂಪವನ್ನು ನೋಡಿ. ಸಂಸ್ಥೆಗೆ ತನ್ನದೇ ಕಾನೂನು ಅಸ್ತಿತ್ವ ಬರುತ್ತದೆ, ಟ್ರಸ್ಟಿಗಳ ಸ್ವಂತ ಜೇಬಿಗೆ ಅಪಾಯ ಕಡಿಮೆ.

ದತ್ತಿ ಸಂಸ್ಥೆಗಳ ನಿಯಂತ್ರಕರಾದ ಚಾರಿಟಿ ಕಮಿಷನ್‌ನಲ್ಲಿ ವಿಲೀನಗಳ ರಿಜಿಸ್ಟರ್ ಇದೆ, ಅದರಲ್ಲಿ ದಾಖಲಿಸಲು ಮರೆಯಬೇಡಿ. ಯಾರೋ ಇಪ್ಪತ್ತು ವರ್ಷದ ಹಿಂದೆ ಬರೆದ ಉಯಿಲಿನಲ್ಲಿ ಹಳೆ ಏರಿಯಾ ಮೀಟಿಂಗ್ ಹೆಸರು ಇದ್ದರೆ, ಆ ಹಣ ಹೊಸ ಸಂಸ್ಥೆಗೆ ಬರಲು ಈ ದಾಖಲೆ ನೆರವಾಗುತ್ತದೆ. ಕಟ್ಟಡ ನೋಡಿಕೊಳ್ಳಲು ಸಂಬಳದ ಕೆಲಸಗಾರರಿದ್ದರೆ ಅವರ ಕೆಲಸದ ಹಕ್ಕುಗಳೂ ಅವರ ಜೊತೆ ವರ್ಗವಾಗುತ್ತವೆ. ಅವರಿಗೆ ಮೊದಲೇ ತಿಳಿಸಿ ಮಾತಾಡಬೇಕು. ಅವರು ಈ ಸುದ್ದಿಯನ್ನು ನೋಟಿಸ್ ಬೋರ್ಡಿನಲ್ಲಿ ಓದುವಂತಾಗಬಾರದು.

ಮದುವೆಯ ವಿಷಯ ಹೆಚ್ಚಿನವರು ಮರೆಯುತ್ತಾರೆ. 1753ರ ಮದುವೆ ಕಾಯ್ದೆಯಿಂದಲೂ ಕ್ವೇಕರ್ ಮದುವೆಗೆ ಇಂಗ್ಲೆಂಡಿನ ಕಾನೂನಿನಲ್ಲಿ ಪ್ರತ್ಯೇಕ ಸ್ಥಾನವಿದೆ. ನೋಂದಣಿ ಅಧಿಕಾರಿಯನ್ನು ನೇಮಿಸುವುದು ಏರಿಯಾ ಮೀಟಿಂಗ್. ಹಳೆ ಏರಿಯಾ ಇಲ್ಲವಾದ ದಿನ ಆ ನೇಮಕದ ಗತಿ ಏನು? ಹೊಸ ಏರಿಯಾದ ಮೊದಲ ಸಭೆಯಲ್ಲೇ ಮರುನೇಮಕ ಮಾಡಿ ಫ್ರೆಂಡ್ಸ್ ಹೌಸ್‌ಗೆ ತಿಳಿಸಿ. ಆ ತಿಂಗಳಲ್ಲಿ ಯಾರದಾದರೂ ಮದುವೆ ನಿಗದಿಯಾಗಿದೆಯೇ ಅಂತಲೂ ಕೇಳಿ.

6. ಕೊನೆಯ ಒಪ್ಪಿಗೆ

ಮೊದಲು ಪ್ರತಿ ಏರಿಯಾ ಮೀಟಿಂಗ್ ತನ್ನದೇ ಸಭೆಯಲ್ಲಿ ತೀರ್ಮಾನಿಸಲಿ. ವರದಿ ಕನಿಷ್ಠ ಒಂದು ತಿಂಗಳು ಮೊದಲೇ ಎಲ್ಲರ ಕೈಗೆ ಹೋಗಿರಬೇಕು, ದೊಡ್ಡ ಅಕ್ಷರದ ಪ್ರತಿಯೂ ಇರಲಿ. ಎರಡೂ ಕಡೆ ಒಪ್ಪಿದ ಮೇಲೆ ಜಂಟಿ ಸಭೆ.

ಒಬ್ಬರು ಎದ್ದು 'ನನಗೆ ಒಪ್ಪಿಗೆ ಇಲ್ಲ' ಎಂದರೆ? ಕ್ಲರ್ಕ್ ಸಭೆಯನ್ನು ಸ್ವಲ್ಪ ಹೊತ್ತು ಮೌನಕ್ಕೆ ಕರೆಯಬೇಕು. ಆ ಮಾತು ಹೊಸದೇ, ಯಾರೂ ಯೋಚಿಸದ ತೊಂದರೆ ತೋರಿಸುತ್ತಿದೆಯೇ? ಹಾಗಿದ್ದರೆ ತೀರ್ಮಾನ ಮುಂದಕ್ಕೆ ಹೋಗಲಿ, ಅದು ಸೋಲಲ್ಲ. ಎರಡು ವರ್ಷದಿಂದ ಕೇಳಿ, ಉತ್ತರಿಸಿ, ನಡಾವಳಿಯಲ್ಲಿ ಬರೆದಾದ ಮಾತೇ ಆಗಿದ್ದರೆ ಸಭೆ ಮುಂದುವರಿಯಬಹುದು. ಒಬ್ಬರ ಕೈಯಲ್ಲಿ ತಡೆಯಾಜ್ಞೆ ಇಲ್ಲ. ಹೆಚ್ಚಿನ ಸಲ ಅವರೇ 'ನನಗೆ ಮನಸ್ಸಿಲ್ಲ, ಆದರೆ ಸಭೆಯ ದಾರಿಗೆ ಅಡ್ಡ ನಿಲ್ಲುವುದಿಲ್ಲ' ಅನ್ನುತ್ತಾರೆ. ಈ ಎರಡರ ನಡುವಿನ ವ್ಯತ್ಯಾಸ ಗುರುತಿಸುವುದು ಕ್ಲರ್ಕ್ ಕೆಲಸದಲ್ಲೇ ಕಷ್ಟದ್ದು, ಅದಕ್ಕೆ ಸೂತ್ರ ಇಲ್ಲ. ಗಡಿಯಾರ ನೋಡುವ ಕ್ಲರ್ಕ್‌ಗೆ ಮಾತ್ರ ಇದು ಆಗದ ಕೆಲಸ. ಆ ದಿನ ಬೇರೆ ಯಾವ ವಿಷಯವನ್ನೂ ಕಾರ್ಯಸೂಚಿಗೆ ಹಾಕಬೇಡಿ.

7. ಜನವರಿ ಒಂದು, ಮತ್ತು ಆಮೇಲೆ

ವಿಲೀನದ ದಿನ ನಿಮ್ಮ ಲೆಕ್ಕದ ವರ್ಷ ಶುರುವಾಗುವ ದಿನವೇ ಇರಲಿ. ಅನೇಕ ಏರಿಯಾಗಳಲ್ಲಿ ಅದು ಜನವರಿ 1. ವರ್ಷದ ನಡುವೆ ಮಾಡಿದರೆ ಖಜಾಂಚಿ ಎರಡೆರಡು ಸಲ ಲೆಕ್ಕ ಮುಗಿಸಬೇಕು.

ಸದಸ್ಯರು ಒಬ್ಬೊಬ್ಬರಾಗಿ ಅರ್ಜಿ ಹಾಕುವುದು ಬೇಡ. ಎರಡೂ ಪಟ್ಟಿಗಳನ್ನು ಒಂದು ಮಾಡಿದ್ದೇವೆ ಎಂಬ ಒಂದು ನಡಾವಳಿ ಸಾಕು. ಹಳೆ ನಡಾವಳಿ ಪುಸ್ತಕಗಳನ್ನು ಯಾರ ಮನೆ ಅಟ್ಟದಲ್ಲೂ ಬಿಡಬೇಡಿ. ಜಿಲ್ಲೆಯ ದಾಖಲೆ ಕಚೇರಿಗಳಲ್ಲಿ ಕ್ವೇಕರ್ ಪುಸ್ತಕಗಳನ್ನು ಇಡುವುದು ರೂಢಿ, ನಿಮ್ಮವೂ ಅಲ್ಲಿಗೆ ಹೋಗಲಿ.

ಸಭೆ ನಡೆಯುವ ಜಾಗ ಸರದಿಯಲ್ಲಿ ತಿರುಗಲಿ. ಚಳಿಗಾಲದ ಸಭೆ ರೈಲು ನಿಲ್ದಾಣ ಹತ್ತಿರ ಇರುವ ಊರಲ್ಲಿ, ಮಧ್ಯಾಹ್ನಕ್ಕೆ ಮುಂಚೆ. ಪ್ರತಿ ಸಭೆಗೂ ಜೂಮ್ ಇರಬೇಕು, ಕಿವಿ ಮಂದವಿರುವವರಿಗೆ ಮೈಕ್ ಮತ್ತು ಶ್ರವಣ ಸಾಧನಕ್ಕೆ ನೇರವಾಗಿ ಧ್ವನಿ ಮುಟ್ಟಿಸುವ ಲೂಪ್ ಇರಬೇಕು. ಮೊದಲ ವರ್ಷ ಸಭೆಗಳ ಸಂಖ್ಯೆ ಕಡಿಮೆ ಮಾಡಿ. ಭಾರ ಇಳಿಸಲು ಒಂದಾದವರು ಇನ್ನಷ್ಟು ಸಭೆ ಕರೆದರೆ ಅರ್ಥವಿಲ್ಲ, ಅಲ್ವಾ? ಎರಡು ವರ್ಷ ಆದ ಮೇಲೆ ಮೊದಲ ಹಂತದ ಆ ದೊಡ್ಡ ಹಾಳೆಯನ್ನು ಮತ್ತೆ ಬರೆದು, ಕೆಂಪು ಗೀಟು ಹಾಕಿದ ಸಾಲುಗಳು ನಿಜವಾಗಿಯೂ ಹೋಗಿವೆಯೇ ಅಥವಾ ಬೇರೆ ಹೆಸರಿನ ಸಮಿತಿಯಾಗಿ ಮರಳಿವೆಯೇ ಎಂದು ಏರಿಯಾ ಸಭೆಯ ಮುಂದಿಡಿ.

ಕೊನೆಗೆ ಬ್ಯಾಂಕು. ಸಹಿ ಬದಲಿಸುವ ಅರ್ಜಿಯನ್ನು ತಿಂಗಳುಗಟ್ಟಲೆ ಮೊದಲೇ ಹಾಕಿ, ಬ್ಯಾಂಕಿನವರು ಅವಸರ ಮಾಡುವುದಿಲ್ಲ. ತಿಂಗಳು ತಿಂಗಳು ತಾನಾಗಿ ಹಣ ಹಾಕುವ ಹಿರಿಯ ಸದಸ್ಯರಿಗೆ ಹೊಸ ಖಾತೆ ನಂಬರ್ ಇರುವ ಫಾರಂ ಮನೆಗೇ ತಲುಪಿಸಿ, ತುಂಬಲು ಜೊತೆಯಲ್ಲಿ ಕೂರಿ. ದಾನಿ ಕಟ್ಟಿದ ತೆರಿಗೆಯಲ್ಲಿ ಒಂದು ಪಾಲನ್ನು ಸಂಸ್ಥೆ ಸರ್ಕಾರದಿಂದ ಪಡೆಯಲು ಬೇಕಾದ ಗಿಫ್ಟ್ ಏಡ್ ಘೋಷಣೆಯನ್ನೂ ಅದೇ ಹೊತ್ತಿಗೆ ಹೊಸ ಹೆಸರಿನಲ್ಲಿ ಬರೆಸಿಕೊಂಡರೆ ಇನ್ನೊಂದು ಸಲ ಹೋಗುವುದು ತಪ್ಪುತ್ತದೆ. ಹಳೆ ಖಾತೆಯನ್ನು ಮಾತ್ರ ಕೂಡಲೇ ಮುಚ್ಚಬೇಡಿ. ಎಷ್ಟು ಹೇಳಿದರೂ ಒಂದಿಷ್ಟು ಜನರ ಹಣ ಹಳೆ ನಂಬರಿಗೇ ಬರುತ್ತಿರುತ್ತದೆ.